ಭಾನುವಾರ ಏಳರಿಂದ ಒಂಬತ್ತು: ಹುಡುಗರ ಲೆಕ್ಕದಲ್ಲಿ ಕಲ್ಯಾಣಿಯ ಹೂಳೆತ್ತಿದ್ದು

ಮೊದಲು ನಮ್ಮ ಕಲ್ಯಾಣಿಯ ಅಳತೆ ಹೇಳಿಬಿಡುತ್ತೇನೆ. ಮೇಲೆ 60ಕ್ಕೆ 60 ಅಡಿ, ತಳ 20ಕ್ಕೆ 20, ನಡುವೆ ಒಂಬತ್ತು ಹಂತ, ಆಳ ಇಪ್ಪತ್ತೆರಡು ಅಡಿಯ ಹತ್ತಿರ. ತಳದಲ್ಲಿ ನಾಲ್ಕಡಿ ಹೂಳು, ಅದರ ಮೇಲೆ ಎಂಟಡಿ ಹಸಿರು ನೀರು. ಕೆಲಸ ಹಿಡಿದಿದ್ದು 22 ಭಾನುವಾರ, ದಿನಕ್ಕೆ ಎರಡೇ ಗಂಟೆ, 30 ಜನ. ಖರ್ಚು 78 ಸಾವಿರದ ಆಸುಪಾಸು. ಇದೇ ಕಲ್ಯಾಣಿಗೆ ಹಿಂದೆ ಗುತ್ತಿಗೆದಾರರೊಬ್ಬರು ಹಿಟಾಚಿ ಇಳಿಸುವ ಲೆಕ್ಕದಲ್ಲಿ ಆರೂವರೆ ಲಕ್ಷದ ಅಂದಾಜು ಕೊಟ್ಟಿದ್ದರು. ಹಿಟಾಚಿ ಇಳಿಯಬೇಕಾದರೆ ಒಂದು ಬದಿಯ ಮೆಟ್ಟಿಲು ಕೀಳಲೇಬೇಕು. ಅದನ್ನು ಅವರು ಅಂದಾಜಿನಲ್ಲಿ ಬರೆದಿರಲಿಲ್ಲ.

"ವಾರಕ್ಕೆ ಎರಡು ಗಂಟೆಯಲ್ಲಿ ಕಲ್ಯಾಣಿ ಆಗುತ್ತೇನ್ರೀ? ಹುಡುಗರ ಹುರುಪು ಮೂರು ವಾರ" ಎಂದವರಲ್ಲಿ ನಾನೂ ಒಬ್ಬ. ಅದಕ್ಕೆ ಕಾರಣವಿತ್ತು. ಅದಕ್ಕೂ ಮುಂಚೆ ಎರಡು ಸಲ, ಇಷ್ಟು ವರ್ಷ ಶ್ರಮದಾನ ಮಾಡಿಸಿದ ನಮ್ಮ ಕ್ರಮದಲ್ಲೇ ಮಾಡಿ ಎರಡು ಸಲವೂ ಕೆಟ್ಟಿತ್ತು.

ಮೊದಲ ಸಲ ಮಾಡಿದ್ದು ದೀಪಾವಳಿ ಕಳೆದ ವಾರ. ಭರ್ಜರಿ ಪ್ರಚಾರ, ಬ್ಯಾನರು, 140 ಜನ. 5 ಎಚ್‌ಪಿ ಡೀಸೆಲ್ ಎಂಜಿನ್ ಎರಡು ಬಾಡಿಗೆಗೆ ತಂದು ಹಗಲೊಂದರಲ್ಲೇ ನೀರು ಖಾಲಿ ಮಾಡಿದೆವು. ಸಂಜೆಗೆ ಪೂರ್ವದ ಗೋಡೆ ಹೊಟ್ಟೆ ಬಿಟ್ಟಿತು, ರಾತ್ರಿಗೆ ಮೂರು ಕಲ್ಲು ಜಾರಿ ತಳಕ್ಕೆ ಬಿದ್ದವು. ಮಳೆಗಾಲ ಮುಗಿದ ಕೂಡಲೇ ಗೋಡೆಯ ಹಿಂದಿನ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಒಳಗಿನ ನೀರು ಆ ಒತ್ತಡಕ್ಕೆ ಎದುರು ಒತ್ತು ಕೊಡುತ್ತಿರುತ್ತದೆ. ಒಳಗಿನದನ್ನು ಒಂದೇ ದಿನ ತೆಗೆದರೆ ಹಿಂದಿನ ನೀರು ಸಂದಿಗಳಲ್ಲಿ ಸೋರಿ ಬರಲು ಸಮಯವೇ ಸಿಗುವುದಿಲ್ಲ, ಗೋಡೆಯನ್ನೇ ತಳ್ಳುತ್ತದೆ. ಇದು ತಿಳಿಯದ ವಿಷಯವೇನಲ್ಲ, ಆದರೆ 140 ಜನ ಕಾಯುತ್ತಿರುವಾಗ ಯಾರಿಗೂ ನೆನಪಾಗುವುದಿಲ್ಲ. ಅವತ್ತು ಎಂಜಿನ್, ಊಟ, ಬ್ಯಾನರು ಎಲ್ಲ ಸೇರಿ 20 ಸಾವಿರ ಹೋಯಿತು. ಮೇಲೆ ಬಂದ ಹೂಳು ಒಂದು ಟ್ರೇಲರ್ ಕೂಡ ಇರಲಿಲ್ಲ. ಮೂರನೇ ಭಾನುವಾರ ಬಂದವರು 11 ಜನ.

ಎರಡನೇ ಸಲ ಕಾಲೇಜು ವಿದ್ಯಾರ್ಥಿಗಳ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್‌ನ ಏಳು ದಿನದ ವಿಶೇಷ ಶಿಬಿರ. ಮಕ್ಕಳು ಪೊದೆ ಕಡಿದರು, ಮೇಲಿನ ಮೂರು ಹಂತ ಸ್ವಚ್ಛವಾಯಿತು. ಆದರೆ ಏಳು ದಿನದಲ್ಲಿ ಗೋಡೆಗೆ ಅಪಾಯವಿಲ್ಲದಂತೆ ನೀರು ಇಳಿಸಿ ಹೂಳಿಗೆ ಕೈ ಹಾಕುವುದು ಆಗದ ಮಾತು. ಕಲ್ಯಾಣಿಗೆ ದಿನಗಳ ಸಂಖ್ಯೆಗಿಂತ ದಿನಗಳ ನಡುವಿನ ಅಂತರ ಮುಖ್ಯ ಎಂಬುದು ಆಗ ನಮಗೆ ಹೊಳೆಯಲಿಲ್ಲ.

ಆ ಶಿಬಿರದಲ್ಲಿದ್ದ ನಾಲ್ವರು ಡಿಗ್ರಿ ಹುಡುಗ ಹುಡುಗಿಯರು ಒಂದು ಹಾಳೆಯಲ್ಲಿ ಬರೆದುಕೊಂಡು ಬಂದ ಕ್ರಮವೇ ಕೊನೆಗೆ ಗೆದ್ದಿದ್ದು. ಹಾಳೆಯಲ್ಲಿ ಇದ್ದದ್ದು ಇಷ್ಟು: 30 ಜನಕ್ಕಿಂತ ಹೆಚ್ಚಿಗೆ ಬೇಡ, ಹೆಚ್ಚಿಗೆ ಬಂದವರಿಗೆ ಮುಂದಿನ ವಾರದ ಪಾಳಿ. ಏಳಕ್ಕೆ ಶುರು, ಒಂಬತ್ತಕ್ಕೆ ಕೆಲಸ ಅರ್ಧದಲ್ಲಿದ್ದರೂ ಬಿಡುವುದು. ಭಾಷಣ ಇಲ್ಲ, ಬ್ಯಾನರ್ ಇಲ್ಲ, ಗಣ್ಯರ ಫೋಟೊ ಇಲ್ಲ. ಪ್ರತಿ 20 ನಿಮಿಷಕ್ಕೆ ಜಾಗ ಬದಲು. ಅವತ್ತಿನ ಖರ್ಚಿನ ಬಿಲ್ಲು ಅವತ್ತೇ ಮಧ್ಯಾಹ್ನ ವಾಟ್ಸಾಪ್ ಗುಂಪಿಗೆ. ಇದರಲ್ಲಿ 'ಒಂಬತ್ತಕ್ಕೆ ಬಿಡುವುದು' ಎಂಬುದೇ ಎಲ್ಲಕ್ಕಿಂತ ದೊಡ್ಡ ಕೀಲಿ. ಇನ್ನೊಂದು ಅರ್ಧ ಗಂಟೆ ಎಂದು ಎಳೆದ ವಾರದ ಮುಂದಿನ ಭಾನುವಾರ ಐದಾರು ಜನ ತಪ್ಪಿಸಿಕೊಂಡರು. ಎರಡು ಸಲ ಪರೀಕ್ಷಿಸಿ ನೋಡಿದ್ದೇವೆ, ಎರಡು ಸಲವೂ ಅದೇ ಆಯಿತು.

ಕಲ್ಲು ಮುಟ್ಟುವ ಮುಂಚೆ ಕಾಗದ. ಕಲ್ಯಾಣಿ ಕೇಂದ್ರದ ಪುರಾತತ್ವ ಇಲಾಖೆಯ ಪಟ್ಟಿಯಲ್ಲಿದೆಯೇ, ರಾಜ್ಯದ 1961ರ ಕಾಯ್ದೆಯ ಕೆಳಗೆ ಬರುತ್ತದೆಯೇ ನೋಡಿಕೊಳ್ಳಿ. ಎರಡರಲ್ಲಿ ಒಂದರಲ್ಲಿದ್ದರೂ ಇಲಾಖೆಯ ಅನುಮತಿಯಿಲ್ಲದೆ ಕೈ ಹಾಕುವಂತಿಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರ್ ನಿಯಂತ್ರಿತ, ಹಾಗಾಗಿ ಪಕ್ಕದಲ್ಲಿ ದೇವಸ್ಥಾನ ಸಂರಕ್ಷಿತವಾಗಿದ್ದರೂ ಕೇಳಿಕೊಂಡೇ ಹೊರಡಬೇಕು. ನಮ್ಮದು ಯಾವ ಪಟ್ಟಿಯಲ್ಲೂ ಇರಲಿಲ್ಲ, ಮುಜರಾಯಿಗೂ ಸೇರಿರಲಿಲ್ಲ. ಪಂಚಾಯಿತಿಯ ನಡಾವಳಿಯ ಪ್ರತಿ ಕೈಲಿಟ್ಟುಕೊಂಡೆವು. ಬಾಯಿಮಾತಿನ ಒಪ್ಪಿಗೆ ನಂಬಬೇಡಿ, ಹೂಳು ಮೇಲೆ ಬಂದಾಗ ಅದರ ಮಾಲೀಕರು ಎಲ್ಲಿಂದಲೋ ಹುಟ್ಟಿಕೊಳ್ಳುತ್ತಾರೆ. ಹೂಳಿನಲ್ಲಿ ಹಳೆಯ ನಾಣ್ಯ, ವಿಗ್ರಹ ಸಿಕ್ಕರೆ ಸಿಕ್ಕ ಜಾಗದಲ್ಲೇ ಫೋಟೊ ತೆಗೆದು ತಹಶೀಲ್ದಾರರಿಗೆ ಬರೆದು ಕೊಡುವುದು. ಮನೆಗೆ ಒಯ್ದರೆ ಅದು ಅಪರಾಧ.

ಎನ್‌ಎಸ್‌ಎಸ್ ಸ್ವಯಂಸೇವಕರಿಗೆ ವರ್ಷಕ್ಕೆ 120 ಗಂಟೆ ಸೇವೆ ಬೇಕು. 22 ಭಾನುವಾರವೆಂದರೆ 44 ಗಂಟೆ. ಕಾರ್ಯಕ್ರಮಾಧಿಕಾರಿಯನ್ನು ಮೊದಲೇ ಒಪ್ಪಿಸಿ ಹಾಜರಿ ಪುಸ್ತಕಕ್ಕೆ ವಾರವಾರ ಸಹಿ ಹಾಕಿಸಿಕೊಂಡರೆ ಮಕ್ಕಳು ಪರೀಕ್ಷೆಯ ತಿಂಗಳಲ್ಲೂ ಬರುತ್ತಾರೆ. ನರೇಗಾದಲ್ಲೂ ಪ್ರಯತ್ನಿಸಿದೆವು. ಕಲ್ಯಾಣಿ ಕೆಲಸ ಅದರಲ್ಲಿ ಬರುತ್ತಿತ್ತು, ಆದರೆ ಜಾಬ್ ಕಾರ್ಡ್ ಇದ್ದವರಿಗೇ ಕೂಲಿ, ನಮ್ಮ ಮಕ್ಕಳಲ್ಲಿ ಒಬ್ಬರಿಗೂ ಕಾರ್ಡ್ ಇರಲಿಲ್ಲ. ಬಿಟ್ಟೆವು.

ಸಂಕ್ರಾಂತಿ ಕಳೆದ ಭಾನುವಾರ ಶುರು ಮಾಡಿದೆವು. ಅಷ್ಟೊತ್ತಿಗೆ ಗೋಡೆಯ ಹಿಂದಿನ ಮಣ್ಣು ಒಣಗಿರುತ್ತದೆ. ನೀರು ಮೂರು ಲಕ್ಷ ಲೀಟರ್ ಹತ್ತಿರ ಇತ್ತು. ಈ ಸಲ ಒಂದೇ ಎಂಜಿನ್, ಶನಿವಾರ ಸಂಜೆ ಮಾತ್ರ, ವಾರಕ್ಕೆ ಒಂದೂಕಾಲು ಅಡಿ. ಆರು ಶನಿವಾರದಲ್ಲಿ ಹೂಳು ಕಂಡಿತು. ಪ್ರತಿ ಸಲ ನಾಲ್ಕು ಗೋಡೆಗೂ ದಾರ ಕಟ್ಟಿ ನಡುವಿನ ಅಂತರ ಅಳೆಯುತ್ತಿದ್ದೆವು. ದಾರಕ್ಕೂ ಕಲ್ಲಿಗೂ ಅಂತರ ಬೆರಳಗಲ ಕಡಿಮೆಯಾದರೂ ಮುಂದಿನ ಶನಿವಾರ ಎಂಜಿನ್ ಬಂದ್. ಹಾಗೆ ಒಮ್ಮೆ ನಿಲ್ಲಿಸಬೇಕಾಯಿತು. ಫುಟ್‌ವಾಲ್ವ್ (ಹೀರುವ ಪೈಪಿನ ತುದಿಯ ಕವಾಟ) ಕಸಕ್ಕೆ ಕಟ್ಟಿಕೊಳ್ಳುತ್ತದೆ. ಬಿದಿರು ಮಂಕರಿಯೊಳಗೆ ವಾಲ್ವ್ ಇಟ್ಟು ಹೊರಗೆ ಶೇಡ್‌ನೆಟ್ ಎರಡು ಸುತ್ತು, ತಳದಿಂದ ಒಂದೂವರೆ ಅಡಿ ಮೇಲೆ ಹಗ್ಗದಲ್ಲಿ ತೂಗುಬಿಟ್ಟರೆ ತೊಂದರೆ ಕಡಿಮೆ. ಎಂಜಿನ್ನನ್ನು ಮೇಲಿನ ದಡದಲ್ಲೇ ಇಡಬೇಡಿ, ನೀರಿನಿಂದ 20 ಅಡಿ ದಾಟಿದರೆ ಎಳೆಯುವ ಶಕ್ತಿ ಕುಸಿಯುತ್ತದೆ. ನಡುವಿನ ಹಂತದಲ್ಲಿ ಇಟ್ಟೆವು, ಹೊಗೆ ಕೆಳಗೆ ನಿಲ್ಲದಂತೆ ಸೈಲೆನ್ಸರಿಗೆ ಪೈಪು ಹಾಕಿ ಹೊರಗೆ ಬಿಟ್ಟೆವು. ಎಂಜಿನ್ ಓಡುವಾಗ ಯಾರೂ ಕೆಳಗಿಲ್ಲ, ಇದಕ್ಕೆ ವಿನಾಯಿತಿಯೇ ಇಲ್ಲ. ನೀರು ಬಿಡುವ ಮುಂಚೆ ಮೀನು, ಆಮೆ ಹಿಡಿದು ಡ್ರಮ್ಮಿಗೆ ಹಾಕಿ ಕೆರೆಗೆ ಬಿಟ್ಟೆವು. ಹೊರಬಿಟ್ಟ ನೀರು ಯಾರ ಹೊಲಕ್ಕೆ ಹೋಗುತ್ತದೆ ಎಂದೂ ಮೊದಲೇ ನೋಡಬೇಕು. ಮೊದಲ ಸಲ ಆ ಗಲಾಟೆಯೂ ಆಗಿತ್ತು.

ಹೂಳು ಕಲಕಿದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದು ವಿಷದ ಗಾಳಿ (ಹೈಡ್ರೋಜನ್ ಸಲ್ಫೈಡ್), ವಾಸನೆ ಜೋರಾದರೆ ಮೇಲೆ ಬರಬೇಕು. ಜೋರಾಗಿದ್ದ ವಾಸನೆ ಇದ್ದಕ್ಕಿದ್ದಂತೆ ನಿಂತುಹೋದರೆ ಮೂಗು ಸತ್ತಿರಬಹುದು, ಕೂಡಲೇ ಎಲ್ಲರೂ ಮೇಲೆ. ತೆರೆದ ಕಲ್ಯಾಣಿಯಲ್ಲಿ ಗಾಳಿಯಾಡುತ್ತದೆ, ಅಪಾಯ ಕಡಿಮೆ. ನಿಜವಾದ ಅಪಾಯ ತಳದ ನಡುವೆ ಇರುವ ಚಿಕ್ಕ ಬಾವಿಯಲ್ಲಿ. ನಮ್ಮದರಲ್ಲಿ ಮೂರೂವರೆ ಅಡಿ ಅಗಲದ್ದೊಂದು ಹನ್ನೆರಡನೇ ವಾರದಲ್ಲಿ ಬಾಯಿ ಬಿಟ್ಟಿತು. ದೀಪ ಇಳಿಸಿ ನೋಡುವ ಹಳೆಯ ಪದ್ಧತಿಯನ್ನು ನೆಚ್ಚಬೇಡಿ. ಉರಿಯುವ ದೀಪ ಆಮ್ಲಜನಕ ಇದೆ ಎಂದಷ್ಟೇ ಹೇಳುತ್ತದೆ, ವಿಷದ ಗಾಳಿಯಿದ್ದರೆ ಹೇಳುವುದಿಲ್ಲ, ಮೀಥೇನ್ ಇದ್ದರೆ ದೀಪವೇ ಅನಾಹುತ. ಅದರೊಳಗೆ ಯಾರನ್ನೂ ಇಳಿಸಲಿಲ್ಲ. ಮೇಲಿಂದಲೇ ಹೂಳೆತ್ತಲು ಹಗ್ಗದ ಬಕೆಟ್ಟಿಗೆ ಮಾಡಿಕೊಂಡ ಒಂದು ಚಿಕ್ಕ ಮಾರ್ಪಾಡಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನೋಡದೆ ಮಾಡಿದರೆ ಹಗ್ಗ ತಿರುಚಿಕೊಂಡು ಬಕೆಟ್ಟು ತಲೆಯ ಮೇಲೆ ಬೀಳುತ್ತದೆ, ಬಂದು ನೋಡಿಕೊಂಡು ಹೋಗಿ.

ಈಗ ಸಾಲಿನ ವಿಷಯ. ಹೂಳು ಒಟ್ಟು 2,400 ಘನ ಅಡಿಯ ಹತ್ತಿರ. ಬಾಂಡ್ಲಿಗೆ ಮುಕ್ಕಾಲು ತುಂಬಿದರೆ ಎಂಟು ಲೀಟರ್, ಹಸಿ ಹೂಳು 12–13 ಕೆ.ಜಿ. ಅಂದರೆ ಎಂಟೂವರೆ ಸಾವಿರ ಬಾಂಡ್ಲಿ. ಮೊದಲು ಒಂದೇ ಸಾಲು ನಿಲ್ಲಿಸಿ, ಖಾಲಿ ಬಾಂಡ್ಲಿಯನ್ನು ಮೇಲಿಂದ ಎಸೆಯುತ್ತಿದ್ದೆವು. ಎರಡು ವಾರದಲ್ಲಿ ಆರು ಬಾಂಡ್ಲಿ ಒಡೆದವು, ಒಬ್ಬನ ಹುಬ್ಬು ಸೀಳಿತು, ಎರಡು ಗಂಟೆಗೆ 250 ದಾಟಲಿಲ್ಲ. ಹಾಳೆ ತಂದವರಲ್ಲಿ ಒಬ್ಬಳು ಸಾಲನ್ನು ಎರಡು ಮಾಡಿದಳು: ತುಂಬಿದ್ದು ಹತ್ತುವ ಸಾಲಿಗೆ 14 ಜನ, ಖಾಲಿ ಇಳಿಯುವ ಸಾಲಿಗೆ 7 ಜನ, ತುಂಬುವವರು 5, ಮೇಲೆ ಸುರಿಯುವವರು 3, ನೀರು ಮತ್ತು ಗಾಯ ನೋಡಲು ಒಬ್ಬರು. ಹತ್ತುವ ಸಾಲಿನವರು ಒಂದು ಮೆಟ್ಟಿಲು ಬಿಟ್ಟು ಒಂದರಲ್ಲಿ, ಒಬ್ಬರು ಎಡಕ್ಕೆ ಇನ್ನೊಬ್ಬರು ಬಲಕ್ಕೆ ಮುಖ ಮಾಡಿ ನಿಲ್ಲಬೇಕು. ಆಗ ಸೊಂಟ ತಿರುಗಿಸುವುದಿಲ್ಲ, ತೋಳು ಮಾತ್ರ ಆಡುತ್ತದೆ. ಸಾಲು ನೇರವಾಗಿರದೆ ಹಾವಿನಂತೆ ಇರಬೇಕು, ಜಾರಿದ ಬಾಂಡ್ಲಿ ಕೆಳಗಿನವರ ತಲೆಗೆ ಬರಬಾರದು. ಹೀಗೆ ಮಾಡಿದ ಮೇಲೆ ನಿಮಿಷಕ್ಕೆ ಆರು, ಎರಡು ಗಂಟೆಗೆ 550ರ ಮೇಲೆ. ಒಂದು ಭಾನುವಾರ 640 ಆಯಿತು. ಹೂಳೆತ್ತುವುದಕ್ಕೇ ಹಿಡಿದ ಹದಿನಾರು ಭಾನುವಾರಕ್ಕೆ ತಳ ಸಿಕ್ಕಿತು.

ಬಾಂಡ್ಲಿ ತುಂಬ ತುಂಬುವವರನ್ನು ಮೊದಲು ತಡೆಯಿರಿ. ತೋಳ್ಬಲ ತೋರಿಸುವ ಹುಡುಗನೊಬ್ಬ ಸಾಕು, ಹತ್ತು ನಿಮಿಷದಲ್ಲಿ ಸಾಲಿನ ನಡುವಿನ ಸಣ್ಣ ಮೈಕಟ್ಟಿನವರು ಸುಸ್ತು. ಬಾಂಡ್ಲಿಯ ಒಳಗೆ ಪೇಂಟಿನಲ್ಲಿ ಗೆರೆ ಎಳೆದು ಅದರ ಮೇಲೆ ತುಂಬಬಾರದು ಎಂದೆವು. ಪ್ಲಾಸ್ಟಿಕ್ಕಿನವು ಅಂಚಿನಲ್ಲಿ ಸೀಳುತ್ತವೆ, ಕಬ್ಬಿಣದ್ದೇ ವಾಸಿ, ಆದರೆ ಅಂಚಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಬೇಕು, ಇಲ್ಲದಿದ್ದರೆ ಗ್ಲೌಸು ಎರಡು ವಾರ ಬಾಳುವುದಿಲ್ಲ. 18 ತುಂಬದವರು ಹೂಳಿಗೆ ಇಳಿಯುವುದಿಲ್ಲ, ಖಾಲಿ ಸಾಲಿನಲ್ಲಿ ಮಾತ್ರ. ಕಾಲಲ್ಲಿ ಗಾಯವಿರುವವರೂ ಇಳಿಯುವುದಿಲ್ಲ. ಇಲಿ ಜ್ವರ ಇಂಥ ಹೂಳು ನೀರಿನಿಂದಲೂ ಬರುತ್ತದೆ, ಗಮ್‌ಬೂಟು ಕಡ್ಡಾಯ.

ಹೆಣ್ಣುಮಕ್ಕಳು ಎರಡನೇ ವಾರಕ್ಕೇ ಕಡಿಮೆಯಾದರು. ಕಾರಣ ಕೇಳಿದರೆ ಯಾರೂ ಹೇಳಲಿಲ್ಲ. ಹಾಳೆ ತಂದವಳೇ ಹೇಳಿದ್ದು: ಬಟ್ಟೆ ಬದಲಿಸಲು ಜಾಗವಿಲ್ಲ, ಶೌಚಾಲಯವಿಲ್ಲ. ಪಕ್ಕದ ಶಾಲೆಯ ಶೌಚಾಲಯದ ಬೀಗದ ಕೈ ಭಾನುವಾರ ಅವರ ಕೈಗೇ ಕೊಡಿಸಿದೆವು. ಖರ್ಚು ಸೊನ್ನೆ. ನಾಲ್ಕನೇ ವಾರದಿಂದ 30ರಲ್ಲಿ 13–14 ಹೆಣ್ಣುಮಕ್ಕಳೇ. ಇಷ್ಟು ವರ್ಷ ಶ್ರಮದಾನ ಮಾಡಿಸಿದ ನಮಗೆ ಒಬ್ಬರಿಗೂ ಹೊಳೆಯದ ಮಾತಿದು.

ಮೇಲಿನ ಒಂದಡಿ ಹೂಳು ಹೂಳಲ್ಲ, ಕಸ. ತೆಂಗಿನ ಚಿಪ್ಪು, ಗಣೇಶನ ತಂತಿ, ಬ್ಲೇಡು, ಎಲ್ಲಕ್ಕಿಂತ ಹೆಚ್ಚು ದೇವರ ಫೋಟೊಗಳ ಗಾಜು. ನಮಗಾದ ಗಾಯಗಳಲ್ಲಿ ಮುಕ್ಕಾಲು ಪಾಲು ಆ ಗಾಜಿನದು. ಫೋಟೊಗಳನ್ನು ಕಸಕ್ಕೆ ಹಾಕಲು ಊರ ಹಿರಿಯರು ಬಿಡುವುದಿಲ್ಲ, ಹಾಗೇ ಬಿಟ್ಟರೆ ಮತ್ತೆ ನೀರಿಗೇ ಬೀಳುತ್ತವೆ. ಅರ್ಚಕರನ್ನೇ ಕರೆದು ಅವರ ಕೈಯಲ್ಲೇ ಚೌಕಟ್ಟು ಬಿಚ್ಚಿಸಿ ಮರ, ಗಾಜು, ಕಾಗದ ಬೇರೆ ಮಾಡಿಸಿದೆವು. ಕಾಗದವನ್ನು ನೀರಲ್ಲಿ ನೆನೆಸಿ ಕರಗಿಸಿ ಮರದ ಬುಡಕ್ಕೆ ಸುರಿದರೆ ಯಾರ ತಕರಾರೂ ಇಲ್ಲ. ಈ ಕಸ ಒಂಬತ್ತು ಟ್ರ್ಯಾಕ್ಟರ್ ಆಯಿತು, ಬಾಡಿಗೆ ನಾವೇ ಕೊಟ್ಟೆವು. ಕೆಳಗಿನ ಕಪ್ಪು ಹೂಳು ಮಾತ್ರ ರೈತರು ತಾವೇ ಟ್ರ್ಯಾಕ್ಟರ್ ತಂದು ಒಯ್ದರು. ಮೊದಲ ಲೋಡು ತೋಟಕ್ಕೆ ಹಾಕಿದವರ ಎಳೆ ಅಡಿಕೆ ಗಿಡ ನೋಡಿ ಆಮೇಲೆ ಪಾಳಿ ಹಚ್ಚುವಂತಾಯಿತು. ಅಲ್ಲಿ ಉಳಿದದ್ದು ಹತ್ತು ಸಾವಿರವಾದರೂ ಇರಬೇಕು.

ಅರಳಿ, ಅತ್ತಿ ಗಿಡಗಳ ಬಗ್ಗೆ ಎರಡು ಮಾತು. ಎಳೆದು ಕೀಳಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತದೆ. ಬರೀ ಕಡಿದರೆ ಒಂದಕ್ಕೆ ಐದು ಚಿಗುರುತ್ತವೆ. ಕಳೆನಾಶಕ ಹಚ್ಚಿದರೆ ನೀರಿಗೆ ಇಳಿಯುತ್ತದೆ. ಬುಡದಲ್ಲಿ ಒಂದಡಿ ಉದ್ದಕ್ಕೆ ಸುತ್ತಲೂ ತೊಗಟೆ ಸುಲಿದು, ಹದಿನೈದು ದಿನಕ್ಕೊಮ್ಮೆ ಬಂದ ಚಿಗುರನ್ನೆಲ್ಲ ಉಜ್ಜಿ ತೆಗೆಯುತ್ತ ಬೇಸಿಗೆ ಪೂರ್ತಿ ಕಾಯಬೇಕು. ಹೆಬ್ಬೆರಳು ದಪ್ಪದವು ಒಣಗಿದವು. ತೊಡೆ ಗಾತ್ರದವು ಮೂರು ಇದ್ದವು, ಅವು ಬಗ್ಗಲಿಲ್ಲ. ಕೊಂಬೆ ಸವರಿ ಹಾಗೇ ಬಿಟ್ಟಿದ್ದೇವೆ, ಈಗ ಗೋಡೆಯನ್ನು ಹಿಡಿದಿರುವುದೂ ಅವೇ.

ಹೊಟ್ಟೆ ಬಿಟ್ಟ ಪೂರ್ವದ ಗೋಡೆಯನ್ನು ಬಿಚ್ಚಿ ಕಟ್ಟಿಸಲು ಕಲ್ಲುಕೆಲಸದವರು ಇಬ್ಬರು, ಒಂಬತ್ತು ದಿನ. ಬಿಚ್ಚುವ ಮುಂಚೆ ಪ್ರತಿ ಕಲ್ಲಿಗೂ ದಿಕ್ಕು, ಸಾಲು, ಸ್ಥಾನದ ಗುರುತು ಬರೆದೆವು. ಹಂಪಿಯ ರಾಜರ ಆವರಣದ ಮೆಟ್ಟಿಲು ಪುಷ್ಕರಣಿಯ ಕಲ್ಲುಗಳ ಮೇಲೆ ಕಟ್ಟಿದವರೇ ಕೆತ್ತಿದ ಇಂಥದೇ ಗುರುತುಗಳಿವೆ. ಹುಡುಗರು ಅದನ್ನು ನೋಡಿ ಬಂದಿದ್ದರು, ಹಾಗಾಗಿ ಈ ಕೆಲಸವನ್ನು ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಸುಣ್ಣದಲ್ಲಿ ಬರೆದ ಗುರುತು ಮೇ ತಿಂಗಳ ಒಂದು ಮಳೆಗೆ ತೊಳೆದುಹೋಯಿತು, ಎಣ್ಣೆ ಪೇಂಟಿನಲ್ಲಿ ಕಲ್ಲಿನ ಹಿಂಬದಿಗೆ ಬರೆಯಬೇಕಿತ್ತು.

ಕಲ್ಲಿನ ಸಂದಿಗೆ ಸಿಮೆಂಟು ತುಂಬಬೇಡಿ. ನಮ್ಮ ಉತ್ತರದ ಗೋಡೆಗೆ ಯಾವುದೋ ಕಾಲದಲ್ಲಿ ಯಾರೋ ಅಂದ ಕಾಣಲೆಂದು ತುಂಬಿದ್ದರು. ಬಿರುಕು ಮೊದಲು ಬಂದದ್ದು ಅಲ್ಲೇ. ಗಾರೆಯಿಲ್ಲದೆ ಕೂರಿಸಿದ ಕಲ್ಲು ಗೋಡೆಗೆ ಆ ಸಂದಿಯೇ ಬೆವರುವ ದಾರಿ, ಮುಚ್ಚಿದರೆ ಹಿಂದೆ ನೀರು ಕಟ್ಟುತ್ತದೆ. ಚಕ್ಕೆಕಲ್ಲು ಬಿಗಿಯಾಗಿ ಬಡಿದರೆ ಸಾಕು. ಮಳೆ ನೀರು ನೇರ ಇಳಿಯುವ ಮೇಲಿನ ಒಂದು ವರಸೆಗೆ ಮಾತ್ರ ಗಾರೆ: ಮೂರು ವಾರ ನೆನೆದ ಸುಣ್ಣ ಒಂದು ಪಾಲು, ಮರಳು ಎರಡು, ಇಟ್ಟಿಗೆ ಪುಡಿ ಅರ್ಧ, ಹತ್ತು ದಿನ ಒದ್ದೆ ಗೋಣಿ ಹೊದಿಸುವುದು. ಅದಕ್ಕೆ ಕಲ್ಲುಕೆಲಸದ ಹಿರಿಯರು ಸೇರಿಸಿದ ಇನ್ನೊಂದು ಪದಾರ್ಥವನ್ನು ಅವರ ಅಪ್ಪಣೆಯಿಲ್ಲದೆ ಹೇಳುವಂತಿಲ್ಲ.

ಅದೇ ಮೇ ಮಳೆ ಇನ್ನೊಂದು ಪಾಠ ಕಲಿಸಿತು. ಒಳಹರಿವಿನ ಬಾಯಿ ಮುಚ್ಚಿರಲಿಲ್ಲ. ಒಂದು ರಾತ್ರಿಗೆ ತಳದಲ್ಲಿ ಅರ್ಧ ಅಡಿ ಕೆಸರು, ಅಂದರೆ 700 ಬಾಂಡ್ಲಿ, ಒಂದು ಭಾನುವಾರಕ್ಕೂ ಮಿಕ್ಕಿದ ಕೆಲಸ ವಾಪಸ್. ಆಮೇಲೆ ಕಾಲುವೆಯ ಬಾಯಲ್ಲಿ ಮೂರಡಿ ಚೌಕದ, ಮೂರಡಿ ಆಳದ ಹೂಳುಗುಂಡಿ ಕಟ್ಟಿದೆವು. ಹೊರಬಾಯಿ ಮೇಲಿಂದ ಒಂದಡಿ ಕೆಳಗೆ, ಅಡ್ಡಲಾಗಿ ಒಂದು ಹಲಗೆ. ಮೊದಲ ಎರಡು ಮಳೆಯ ನೀರು ಹಲಗೆಯಿಂದ ಪಕ್ಕಕ್ಕೆ. ಇದನ್ನು ಕೊನೆಗೆ ಮಾಡಿದ್ದು ನಮ್ಮ ತಪ್ಪು, ಮೊದಲ ಭಾನುವಾರವೇ ಆಗಬೇಕಿತ್ತು.

ನೀರು ತುಂಬಿದ ಮೇಲೆ ಪಾಚಿ. ಹುಡುಗರಿಗೆ ಇಲ್ಲಿ ಪ್ರಯೋಗದ ಹುಚ್ಚು ಹತ್ತಿತು. ಹೊರದೇಶದಲ್ಲಿ ಬಾರ್ಲಿ ಹುಲ್ಲು ಹಾಕುತ್ತಾರಂತೆ ಎಂದು ಓದಿ ಭತ್ತದ ಹುಲ್ಲಿನ ನಾಲ್ಕು ಕಂತೆ ಇಳಿಬಿಟ್ಟರು. ಎರಡು ವಾರಕ್ಕೆ ನೀರು ಚಹಾ ಬಣ್ಣ, ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಹುಲ್ಲು ಕೊಳೆಯುವಾಗ ಆಮ್ಲಜನಕ ತಿಂದುಬಿಟ್ಟಿತ್ತು, ಓಡಿಹೋಗಿ ತೆಗೆದೆವು. ನಿಂಬೆ ಸಿಪ್ಪೆಯ ಬಯೋ ಎಂಜೈಮ್ 50 ಲೀಟರ್ ಸುರಿದದ್ದಕ್ಕೆ ಏನೂ ಆಗಲಿಲ್ಲ, ಬಾಟಲಿ ತೊಳೆದದ್ದೇ ಬಂತು. ಪಟಕ ಸಾವಿರ ಲೀಟರಿಗೆ 25 ಗ್ರಾಂ ಲೆಕ್ಕದಲ್ಲಿ ಐದು ಕೆ.ಜಿ. ಕರಗಿಸಿ ಎರಚಿದಾಗ ಮೂರು ದಿನದಲ್ಲಿ ಮೆಟ್ಟಿಲು ಕಂಡಿತು, ಒಂದೂವರೆ ತಿಂಗಳಿಗೆ ಮತ್ತೆ ಹಸಿರು. ಕೊನೆಗೆ ತಡೆದದ್ದು ದಡದಲ್ಲಿಟ್ಟ ಎರಡು ಡ್ರಮ್ಮು, ಒಂದು ಹೂವಿಗೆ, ಒಂದು ಬಟ್ಟೆ ಒಗೆಯುವವರ ನೀರಿಗೆ. ಸೋಪು, ಹೂವು ಒಳಗೆ ಹೋಗದಿದ್ದರೆ ಪಾಚಿಗೆ ಊಟವಿಲ್ಲ.

ಖರ್ಚು ನೆನಪಿದ್ದಷ್ಟು: ಕಲ್ಲುಕೆಲಸದ ಕೂಲಿ 18 ಸಾವಿರ, ಭಾನುವಾರದ ತಿಂಡಿ 15 ಸಾವಿರ ಚಿಲ್ಲರೆ, ಗಮ್‌ಬೂಟು ಮತ್ತು ಗ್ಲೌಸು ಹತ್ತೂವರೆ, ಎಂಜಿನ್ ಬಾಡಿಗೆ ಡೀಸೆಲ್ ಎಂಟೂಮುಕ್ಕಾಲು, ಹೂಳುಗುಂಡಿ ಆರು, ಬಾಂಡ್ಲಿ ಐದೂವರೆ, ಕಸದ ಟ್ರ್ಯಾಕ್ಟರ್ ನಾಲ್ಕೂವರೆ, ಸುಣ್ಣ ಮರಳು ನಾಲ್ಕು, ಹಾರೆ ಗುದ್ದಲಿ ಹಗ್ಗ ನಾಲ್ಕು, ಔಷಧಿ ಮತ್ತು ಟಿಟಿ ಇಂಜೆಕ್ಷನ್ ಒಂದೂವರೆ. ತಿಂಡಿಯ ದುಡ್ಡು ಉಳಿಸೋಣ ಎಂದು ಒಂದು ವಾರ ಬಿಸ್ಕತ್ತು ಕೊಟ್ಟೆವು. ಮುಂದಿನ ವಾರ 19 ಜನ. ಉಪ್ಪಿಟ್ಟಿಗೇ ವಾಪಸಾದೆವು. ದುಡ್ಡಿನಲ್ಲಿ ಒಬ್ಬರ ಕೈಲಿ ಎರಡು ಸಾವಿರಕ್ಕಿಂತ ಹೆಚ್ಚು ನಗದು ಇರಬಾರದು ಎಂಬುದೂ ಹಾಳೆಯ ನಿಯಮ. ಬಿಲ್ಲಿನ ಫೋಟೊ ವಾರವಾರ ಬರುವುದನ್ನು ನೋಡಿ, ಮೊದಲು ಬೈದವರೇ ಎಂಟನೇ ವಾರದಿಂದ ಕೇಳದೆ ಕೊಡತೊಡಗಿದರು. ಕೊನೆಗೆ 3,200 ರೂಪಾಯಿ ಮಿಕ್ಕಿತು.

ಈಗ ತಿಂಗಳ ಮೊದಲ ಭಾನುವಾರ ಆರು ಜನ, ಒಂದು ಗಂಟೆ: ಹೂಳುಗುಂಡಿ ಖಾಲಿ ಮಾಡುವುದು, ಡ್ರಮ್ಮು ಬದಲಿಸುವುದು, ಅತ್ತಿ ಚಿಗುರು ಉಜ್ಜುವುದು. ಪಕ್ಕದ ಹೋಬಳಿಯಿಂದ ಬಾಂಡ್ಲಿ ಎರವಲು ಕೇಳಿಕೊಂಡು ಬಂದಿದ್ದಾರೆ. 24 ಇವೆ, ಕೊಟ್ಟಿದ್ದೇವೆ. ಅವರೂ ದೀಪಾವಳಿ ಕಳೆದ ಕೂಡಲೇ ಶುರು ಮಾಡುತ್ತೇವೆ ಎನ್ನುತ್ತಿದ್ದರು. ಹಾಳೆ ತಂದ ನಾಲ್ವರಲ್ಲಿ ಇಬ್ಬರು ಹೋಗಿ ಸಂಕ್ರಾಂತಿಗೆ ಮುಂದೂಡಿಸಿ ಬಂದಿದ್ದಾರೆ.